ಕೂಸು ನೋಡಿಕೊಂಡವರ ಕೂಲಿ



ಕೊಪ್ಪಳದ ಹತ್ತಿರದ ಕಿನ್ನಾಳವೆಂದೊಡನೆ ಚಿತ್ರಗಾರರ ಮನೆಗಳ ಬಣ್ಣದ ಮರದ ಗೊಂಬೆಗಳು ನೆನಪಾಗುತ್ತವೆ. ಅಂಥ ಒಂದು ಮನೆಯಲ್ಲಿ ತಾಯಿ ಗೊಂಬೆಗೆ ಬಣ್ಣ ಹಚ್ಚುವಾಗ ಕೂಸನ್ನು ಆಕೆಯ ಚಿಗವ್ವ ನೋಡಿಕೊಳ್ಳುತ್ತಾಳೆ ಎಂದಿಟ್ಟುಕೊಳ್ಳಿ. ತಾಯಿ ತಿಂಗಳಿಗೆ 5,000 ರೂಪಾಯಿ, ಅಂದರೆ ವರ್ಷಕ್ಕೆ 60,000 ಕೊಡುತ್ತಾಳೆ. ಆದಾಯ ತೆರಿಗೆ ಕಾನೂನು ಈ ಹಣವನ್ನು ಹೇಗೆ ನೋಡುತ್ತದೆ?

ಕೆಲಸಕ್ಕೆ ಕೊಟ್ಟದ್ದು ಕೂಲಿ. ಅದು ಚಿಗವ್ವನ ಆದಾಯ. ಆದರೆ 2025ರ ಬಜೆಟ್ ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷ ರೂಪಾಯಿವರೆಗಿನ ಆದಾಯವನ್ನು ತೆರಿಗೆಯಿಂದ ಹೊರಗಿಟ್ಟಿತು. ಬೇರೆ ಆದಾಯವಿಲ್ಲದಿದ್ದರೆ ಆಕೆ ಏನೂ ಕಟ್ಟಬೇಕಿಲ್ಲ.

‘ಇದು ಕೂಲಿಯಲ್ಲ, ಕಾಣಿಕೆ’ ಎಂದರೆ? ಹೆತ್ತ ತಾಯಿಗೆ ಮಗಳು ಕೊಟ್ಟ ಕಾಣಿಕೆಗೆ ತೆರಿಗೆಯಿಲ್ಲ. ಆದರೆ ಪಡೆದವರ ಅಕ್ಕತಂಗಿಯರ ಮಕ್ಕಳು ಕಾನೂನಿನ ‘ಸಂಬಂಧಿಕರ’ ಪಟ್ಟಿಯಲ್ಲಿಲ್ಲ. ಹಾಗಾಗಿ ವರ್ಷಕ್ಕೆ 50,000 ದಾಟಿದರೆ ಇಡೀ ಮೊತ್ತ ಚಿಗವ್ವನ ಆದಾಯವೆನಿಸುತ್ತದೆ. ಚಿಗವ್ವನೇ ಈಕೆಗೆ ಕಾಣಿಕೆ ಕೊಟ್ಟಿದ್ದರೆ ತೆರಿಗೆ ಇರುತ್ತಿರಲಿಲ್ಲ!

ಈಗ ತಾಯಿಯ ಲೆಕ್ಕ. ಆಕೆಯ ಗಳಿಕೆ ತೆರಿಗೆಯ ಮಟ್ಟ ಮುಟ್ಟಿದೆಯೆನ್ನಿ. ಚಿಗವ್ವ ಗೊಂಬೆಯ ಮರ ಉಜ್ಜಿದ್ದರೆ, ನ್ಯಾಯವಾದ ಕೂಲಿಯನ್ನು ಉದ್ಯೋಗದ ಖರ್ಚೆಂದು ಕಳೆಯಬಹುದು. ಕೂಸು ನೋಡಿಕೊಂಡ ಕೂಲಿ ಮನೆಖರ್ಚು, ಕಳೆಯುವಂತಿಲ್ಲ. ಕೂಸನ್ನು ಯಾರೂ ಎತ್ತಿಕೊಳ್ಳದಿದ್ದರೆ ಗೊಂಬೆಗೆ ಬಣ್ಣವೇ ಬೀಳದು, ಅಲ್ಲವೆ? ಅಮೆರಿಕದಲ್ಲಿ ದುಡಿಯುವ ತಂದೆತಾಯಿಗೆ ಇಂಥ ಖರ್ಚಿನ ಒಂದು ಭಾಗಕ್ಕೆ ತೆರಿಗೆ ರಿಯಾಯಿತಿಯುಂಟು. ಅವರ ಅವಲಂಬಿತಳಲ್ಲದ ಅಜ್ಜಿಗೆ ಕೊಟ್ಟದ್ದಕ್ಕೂ ಅದು ಸಲ್ಲುತ್ತದೆ.

ನಮ್ಮ ರಾಜ್ಯ 2023ರಲ್ಲಿ ನರೇಗಾ ಕೂಲಿಕಾರ ತಾಯಂದಿರಿಗಾಗಿ ‘ಕೂಸಿನ ಮನೆ’ ಯೋಜನೆ ಘೋಷಿಸಿತು. ಆದರೆ ಮನೆಯೊಳಗೆ ಕೂಸು ಕಾಯುವ ದುಡಿಮೆ ಇನ್ನೂ ಲೆಕ್ಕದ ಹೊರಗಿದೆ. ನಿಮ್ಮ ಮನೆಯಲ್ಲಿ ಅದು ದಿನಕ್ಕೆ ಎಷ್ಟು ಗಂಟೆ, ಯಾರದು? ಬರೆದು ನೋಡಿ.