ಶಿಬ್‌ಪುರದ ತೋಟ, ನಮ್ಮ ಬೆಟ್ಟದ ಲಂಟಾನ



ನಮ್ಮ ಕಾಡಂಚನ್ನೆಲ್ಲ ಆವರಿಸಿರುವ ಲಂಟಾನ ಈ ನೆಲದ ಕಳೆಯಲ್ಲ. ಉಷ್ಣವಲಯದ ಅಮೆರಿಕದ ಈ ಪೊದೆಯನ್ನು 19ನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತರಲಾಯಿತು.

ಹೂಗ್ಲಿಯ ದಂಡೆಯ ಶಿಬ್‌ಪುರದಲ್ಲಿರುವ, ಇಂದು ಜಗದೀಶಚಂದ್ರ ಬೋಸರ ಹೆಸರು ಹೊತ್ತಿರುವ ಆ ಉದ್ಯಾನ 1787ರಲ್ಲಿ ಹುಟ್ಟಿದ್ದು ವಿಹಾರಕ್ಕಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ರಾಬರ್ಟ್ ಕಿಡ್ ಅವರ ದೃಷ್ಟಿ ಹಡಗಿಗೆ ಬೇಕಾದ ತೇಗ, ವ್ಯಾಪಾರಕ್ಕೆ ಒದಗುವ ಸಾಂಬಾರ ಬೆಳೆಗಳ ಮೇಲಿತ್ತು. ಕ್ಷಾಮದಲ್ಲಿ ಜನರಿಗೆ ಆಹಾರವಾಗಬಲ್ಲ ಸಸ್ಯಗಳ ಚಿಂತೆಯೂ ಅವರಿಗಿತ್ತೆಂಬುದನ್ನು ಮರೆಯಬಾರದು. 1793ರಲ್ಲಿ ಬಂದ ವಿಲಿಯಂ ರಾಕ್ಸ್‌ಬರ್ಗ್ ಅದನ್ನು ಸಸ್ಯವಿಜ್ಞಾನದ ಕೇಂದ್ರವಾಗಿಸಿದರು. ಭಾರತೀಯ ಕಲಾವಿದರಿಂದ ಅವರು ಬರೆಸಿದ ಸಸ್ಯಚಿತ್ರಗಳು ಸುಮಾರು 2,500. ಬರೆದವರಲ್ಲಿ ಹೆಚ್ಚಿನವರ ಹೆಸರು ಉಳಿದಿಲ್ಲ. ರಾಕ್ಸ್‌ಬರ್ಗರ ಹೆಸರಾದರೋ ಅನೇಕ ಸಸ್ಯಗಳ ಲ್ಯಾಟಿನ್ ಹೆಸರಿನ ಬಾಲದಲ್ಲಿ ಇಂದಿಗೂ ಇದೆ!

ವಿಜ್ಞಾನಕ್ಕೆ ಆ ತೋಟ ಕೊಟ್ಟದ್ದು ಅಪಾರ, ಸಂದೇಹವಿಲ್ಲ. ಆದರೆ ತಂದ ಗಿಡ ಬೇಲಿ ದಾಟಿದರೆ ಏನಾದೀತೆಂದು ಅಂದು ಯಾರೂ ಲೆಕ್ಕ ಹಾಕಿದಂತಿಲ್ಲ. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ದವು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇನ್ನೊಂದು ಕಾರಣವನ್ನು ಹೇಳುತ್ತಾರೆ: ತಾವು ಹಾಕುತ್ತಿದ್ದ ತರಗುಬೆಂಕಿಯನ್ನು ನಿಷೇಧಿಸಿದ ಮೇಲೆಯೇ ಲಂಟಾನ ಹಬ್ಬಿತು. ಈ ಮಾತಿಗೆ ಅರಣ್ಯನೀತಿ ಇನ್ನೂ ಸರಿಯಾಗಿ ಕಿವಿಗೊಟ್ಟಿಲ್ಲವೆಂದೇ ನನ್ನ ಅಭಿಪ್ರಾಯ.

ನಾಳೆ ಕತ್ತಿ ಹಿಡಿದು ಹೊರಡುವವರಿಗೆ ಒಂದು ಸೂಚನೆ. ಮೇಲಿನಿಂದ ಸವರಿದರೆ ಅದು ಬುಡದಿಂದ ಮತ್ತೆ ಚಿಗುರುತ್ತದೆ. ಮಣ್ಣಿನೊಳಗೆ ಎರಡು ಅಂಗುಲ ಕೆಳಗೆ ತಾಯಿಬೇರನ್ನು ಕಡಿದು, ಪೊದೆಯನ್ನು ಬೇರು ಮೇಲಾಗಿ ಮಗುಚಿಡಿ. ಹಣ್ಣಾಗುವ ಮೊದಲೇ ಈ ಕೆಲಸ ಮುಗಿಯಲಿ.