ಕೈಯಿಂದ ಕಲಿಯುವ ಭೌತಶಾಸ್ತ್ರ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈಗಷ್ಟೇ ಹತ್ತನೇ ತರಗತಿಯ ಮಕ್ಕಳು, “ಇಂಜಿನಿಯರಿಂಗ್‌ನಲ್ಲಿ ಯಾವುದು ಕಷ್ಟ ಸರ್?” ಎಂದು ಕೇಳಿದರು. ಗಣಿತ ಎನ್ನುತ್ತೇನೆಂದು ಅಂದುಕೊಂಡಿದ್ದರು. ನನ್ನ ಉತ್ತರ, ಭೌತಶಾಸ್ತ್ರದ ಲ್ಯಾಬ್. ಮಾಜಾಳಿಯಲ್ಲಿ 2007ರಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಶುರುವಾದ ಮೇಲೆ ಕಾರವಾರ, ಅಂಕೋಲೆಯ ಮಕ್ಕಳಿಗೆ ಬಿ.ಇ. ಮನೆಬಾಗಿಲಿಗೇ ಬಂದಿದೆ. ಆದರೆ ಸ್ಕ್ರೂ ಗೇಜನ್ನು ಚಿತ್ರದಲ್ಲಷ್ಟೇ ಕಂಡವರು ಮೊದಲ ವರ್ಷದ ಲ್ಯಾಬಿನಲ್ಲಿ ತಬ್ಬಿಬ್ಬಾಗುತ್ತಾರೆ. ಅದಕ್ಕೆ ಕನ್ನಡ ಮಾಧ್ಯಮ ಕಾರಣವಲ್ಲ. ಸ್ಕೇಲಿನ ಗೆರೆಗಳಿಗೆ ಭಾಷೆ ಇಲ್ಲ. ಕೈಗೆ ಅಭ್ಯಾಸವಿಲ್ಲ, ಅಷ್ಟೇ.

ಒಂದು ಉದಾಹರಣೆ. ಒಂದು ಮೀಟರ್ ಉದ್ದದ ಸರಳ ಲೋಲಕ ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡು ಬೇಕು. ಸ್ಟಾಪ್‌ವಾಚ್ ಒತ್ತುವಾಗ ನಮ್ಮ ಬೆರಳು 0.2 ಸೆಕೆಂಡಿನಷ್ಟು ಹಿಂದೆ ಮುಂದೆ ಆಯಿತು ಎನ್ನಿ. ಒಂದೇ ಆಂದೋಲನ ಅಳೆದರೆ ಶೇ. 10ರಷ್ಟು ತಪ್ಪು. ಗುರುತ್ವ ವೇಗೋತ್ಕರ್ಷದ ಸೂತ್ರದಲ್ಲಿ ಕಾಲದ ವರ್ಗ ಬರುವುದರಿಂದ ಅಲ್ಲಿ ಅದು ಸುಮಾರು ಶೇ. 20 ಆಗುತ್ತದೆ. ಅದೇ 20 ಆಂದೋಲನ ಎಣಿಸಿದರೆ 40 ಸೆಕೆಂಡಿಗೆ 0.2, ಅಂದರೆ ಶೇ. ಅರ್ಧ. ಉತ್ತರದಲ್ಲಿ ಶೇ. 1 ಮಾತ್ರ. ಹೊಸ ಉಪಕರಣ ಕೊಂಡಿಲ್ಲ, ಅಳೆಯುವ ರೀತಿ ಬದಲಾಯಿತು.

ಇನ್ನೊಂದು. ಲೋಹದ ಪಟ್ಟಿಗೆ ಭಾರ ತೂಗಿಸಿ ಯಂಗನ ಗುಣಾಂಕ ಕಂಡುಹಿಡಿಯುವ ಪ್ರಯೋಗವಿದೆ. ಅದರ ಸೂತ್ರದಲ್ಲಿ ಪಟ್ಟಿಯ ದಪ್ಪದ ಘನ ಬರುತ್ತದೆ. ದಪ್ಪದಲ್ಲಿ ಶೇ. 1 ತಪ್ಪಿದರೆ ಉತ್ತರದಲ್ಲಿ ಶೇ. 3 ತಪ್ಪು. ಆದ್ದರಿಂದ 0.01 ಮಿ.ಮೀ. ತೋರಿಸುವ ಸ್ಕ್ರೂ ಗೇಜ್ ಹಿಡಿದು, ಮೊದಲು ಶೂನ್ಯ ದೋಷ ನೋಡಿ, ನಾಲ್ಕೈದು ಕಡೆ ಅಳೆಯಬೇಕು. ಯಾವುದನ್ನು ಹೆಚ್ಚು ಜಾಗ್ರತೆಯಿಂದ ಅಳೆಯಬೇಕೆಂಬ ವಿವೇಕವೇ ಲ್ಯಾಬಿನ ಪಾಠ.

ಇದಕ್ಕಿಂತ ದೊಡ್ಡ ಪಾಠ ಪ್ರಾಮಾಣಿಕತೆಯದು. ಉತ್ತರ 9.8 ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುವ ಚಾಳಿ ಎಷ್ಟೋ ಕಾಲೇಜುಗಳಲ್ಲಿದೆ. ಅಂಕ ಸಿಗಬಹುದು, ವಿದ್ಯೆ ಸಿಗುವುದಿಲ್ಲ. ನಿಜವಾಗಿ 9.6 ಬಂದರೆ ಪ್ರಶ್ನೆ ಏಳುತ್ತದೆ: ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆದೆನೇ, ಕೊಕ್ಕೆಯವರೆಗಷ್ಟೇ ಅಳೆದೆನೇ? ತೀರಾ ಅಗಲವಾಗಿ ತೂಗಿಬಿಟ್ಟೆನೇ? ಸಾಫ್ಟ್‌ವೇರ್ ಕೆಲಸದಲ್ಲಿ ದಿನವೂ ನನಗೆ ಬೇಕಾಗುವುದು ಇದೇ: ಕಂಡದ್ದನ್ನು ಬರೆದಿಟ್ಟು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು.

ನಮ್ಮ ಜಿಲ್ಲೆಯ ಕೈಗಾದ ಒಂದನೇ ಘಟಕ 2018ರ ಕೊನೆಯವರೆಗೆ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತು. ಅಂಥ ಕಡೆ ಮೀಟರ್ ತೋರಿಸಿದ್ದನ್ನು ಬಿಟ್ಟು ‘ಬರಬೇಕಾದದ್ದನ್ನು’ ಬರೆಯುವವರು ಇದ್ದರೆ ಏನಾದೀತು, ಯೋಚಿಸಿ.

ಮಕ್ಕಳೇ, ಕಾಲೇಜಿನವರೆಗೆ ಕಾಯಬೇಡಿ. ಒಂದು ದಾರ, ಒಂದು ಕಬ್ಬಿಣದ ನಟ್ಟು ಇದ್ದರೆ ಲೋಲಕ ತಯಾರು. ಕಡಲು ಹತ್ತಿರವೇ ಇದೆ. ಹದಿನೈದು ದಿನ ಉಬ್ಬರದ ಹೊತ್ತನ್ನು ಬರೆದಿಡಿ. ದಿನಕ್ಕೆ ಸರಾಸರಿ 50 ನಿಮಿಷ ತಡವಾಗುವುದು ನಿಮಗೇ ಕಾಣುತ್ತದೆ. ಮೀನುಗಾರರ ಮನೆಯಲ್ಲಿ ಇದು ಹೊಸ ಸಂಗತಿಯಲ್ಲ, ಅವರನ್ನೇ ಕೇಳಿ ತಾಳೆ ನೋಡಿ.

ಗುರುಗಳಲ್ಲಿ ಒಂದೇ ವಿನಂತಿ. ಒಡೆದೀತೆಂಬ ಅಂಜಿಕೆಯಿಂದ ವಿಜ್ಞಾನದ ಬೀರುವಿಗೆ ಬೀಗ ಹಾಕಿಡುವುದು ಬೇಡ. ಮಕ್ಕಳ ಕೈಗೆ ಕೊಡಿ. ಒಡೆದರೆ ಮಗುವಿಗೆ ದಂಡ ಹಾಕದೆ ನಮಗೆ ಚೀಟಿ ಕಳಿಸಿ; ಆ ಸಾಮಾನು ತಂದುಕೊಡುವ ಹೊಣೆ ನಮ್ಮ ಬ್ಯಾಚಿನದು. ಇದನ್ನು ಗೆಳೆಯರೆಲ್ಲರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.