‘ನಾವು’ ಎಂದರೆ ಯಾರು?

(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ರಾಜಕಾರಣಿಗಳ ನಾಲಿಗೆ ಜಾರುವುದು ಹೊಸತಲ್ಲ. ಜಾರಿದ ಮಾತಿಗೆ ಜನ ಸಿಡಿದೇಳುವುದೂ ಹೊಸತಲ್ಲ. ಮೈಬಣ್ಣವನ್ನು ಕುರಿತ ಎರಡು ಹೇಳಿಕೆಗಳು, ಒಂದು 2017ರಲ್ಲಿ, ಇನ್ನೊಂದು 2024ರಲ್ಲಿ, ದೇಶದಲ್ಲಿ ದೊಡ್ಡ ಕೋಲಾಹಲವನ್ನೇ ಎಬ್ಬಿಸಿದವು. ಎರಡರಲ್ಲಿಯೂ ಮಾತಿಗೆ ವಸ್ತುವಾದವರು ದಕ್ಷಿಣದವರಾದ ನಾವು. ಆಡಿದವರು ಪರಸ್ಪರ ವಿರೋಧಿ ಪಕ್ಷಗಳಿಗೆ ಸೇರಿದವರಾದ್ದರಿಂದ ಈ ಚರ್ಚೆಯನ್ನು ಪಕ್ಷರಾಜಕೀಯದ ಹೊರಗಿಟ್ಟು ನಡೆಸಲು ನಮಗೆ ಅವಕಾಶವಿದೆ. ಹೇಳಿಕೆಗಳಿಗಿಂತ ಹೆಚ್ಚಾಗಿ, ಅವುಗಳ ವಿರುದ್ಧ ಎದ್ದ ಆಕ್ರೋಶವನ್ನು ಪರಿಶೀಲಿಸುವುದು ಇಂದಿನ ನನ್ನ ಉದ್ದೇಶ.

ಮೊದಲನೆಯ ಪ್ರಸಂಗ 2017ರದು. ಆ ವರ್ಷದ ಮಾರ್ಚ್ ಕೊನೆಯಲ್ಲಿ ದೆಹಲಿಯ ಸಮೀಪದ ಗ್ರೇಟರ್ ನೊಯ್ಡಾದಲ್ಲಿ ಆಫ್ರಿಕದ ವಿದ್ಯಾರ್ಥಿಗಳ ಮೇಲೆ ಗುಂಪುಗಳು ಹಲ್ಲೆ ನಡೆಸಿದವು. ಭಾರತದಲ್ಲಿರುವ ಆಫ್ರಿಕದ ರಾಯಭಾರಿಗಳು ಒಟ್ಟಾಗಿ ಇದನ್ನು ಜನಾಂಗದ್ವೇಷದ ಕೃತ್ಯವೆಂದು ಖಂಡಿಸಿದರು. ಈ ಸಂಬಂಧ ಅಲ್ ಜಜೀರಾ ವಾಹಿನಿಯ ಚರ್ಚೆಯೊಂದರಲ್ಲಿ ಭಾರತೀಯ ಜನತಾ ಪಕ್ಷದ ಮಾಜಿ ರಾಜ್ಯಸಭಾ ಸದಸ್ಯ ತರುಣ್ ವಿಜಯ್ ಅವರು ಭಾರತೀಯರಲ್ಲಿ ವರ್ಣಭೇದವಿಲ್ಲವೆಂದು ಸಮರ್ಥಿಸಲು ಹೊರಟರು. ನಾವು ಅಂಥವರಾಗಿದ್ದರೆ ತಮಿಳುನಾಡು, ಕೇರಳ, ಕರ್ನಾಟಕ, ಆಂಧ್ರಗಳ ಜನರೊಡನೆ ಏಕೆ ಬದುಕುತ್ತಿದ್ದೆವು, ನಮ್ಮ ಸುತ್ತಲೂ ಕಪ್ಪು ಜನರಿದ್ದಾರಲ್ಲ, ಎಂಬುದು ಅವರ ವಾದದ ಸಾರ. ದಕ್ಷಿಣದ ರಾಜ್ಯಗಳಲ್ಲಿ ಕೋಪ ಭುಗಿಲೆದ್ದಿತು. ಅವರು ಕ್ಷಮೆ ಕೋರಿದರು.

ಎರಡನೆಯದು 2024ರ ಲೋಕಸಭಾ ಚುನಾವಣೆಯ ಕಾಲದ್ದು. ಇಂಡಿಯನ್ ಓವರ್‌ಸೀಸ್ ಕಾಂಗ್ರೆಸ್‌ನ ಅಧ್ಯಕ್ಷರಾಗಿದ್ದ ಸ್ಯಾಮ್ ಪಿತ್ರೋಡಾ ಅವರು ಸಂದರ್ಶನವೊಂದರಲ್ಲಿ ದೇಶದ ವೈವಿಧ್ಯವನ್ನು ಕೊಂಡಾಡುತ್ತ, ಪೂರ್ವದವರು ಚೀನೀಯರಂತೆಯೂ ಪಶ್ಚಿಮದವರು ಅರಬರಂತೆಯೂ ಉತ್ತರದವರು ಬಿಳಿಯರಂತೆಯೂ ದಕ್ಷಿಣದವರು ಆಫ್ರಿಕದವರಂತೆಯೂ ಕಾಣುತ್ತಾರೆ, ಆದರೂ ಎಲ್ಲರೂ ಒಟ್ಟಾಗಿ ಬಾಳುತ್ತಿದ್ದೇವೆ ಎಂದರು. ಮೇ 8ರಂದು ಈ ಮಾತು ದೇಶದಾದ್ಯಂತ ಹಬ್ಬಿತು. ಕರ್ನಾಟಕದ ಎರಡನೆಯ ಹಂತದ ಮತದಾನ ಮುಗಿದು ಒಂದೇ ದಿನವಾಗಿತ್ತು. ಪ್ರಧಾನಮಂತ್ರಿಗಳು ಚುನಾವಣಾ ಸಭೆಯಲ್ಲಿ ಇದನ್ನು ಎತ್ತಿಕೊಂಡು ಉಗ್ರವಾಗಿ ಟೀಕಿಸಿದರು. ಕಾಂಗ್ರೆಸ್ ಪಕ್ಷ ಆ ಹೇಳಿಕೆಯಿಂದ ದೂರ ಸರಿಯಿತು. ಪಿತ್ರೋಡಾ ಅಂದೇ ರಾಜೀನಾಮೆ ಕೊಟ್ಟರು. ಚುನಾವಣೆ ಮುಗಿದ ಮೇಲೆ, ಜೂನ್ ತಿಂಗಳಿನಲ್ಲಿಯೇ, ಅದೇ ಸ್ಥಾನಕ್ಕೆ ಅವರ ಮರುನೇಮಕವಾಯಿತು.

ಈ ಎರಡು ಮಾತುಗಳ ದೋಷ ಒಂದೇ ಬಗೆಯದಲ್ಲ. ಮೊದಲನೆಯದರಲ್ಲಿ ‘ನಾವು’ ಎಂಬ ಪದವೇ ದೋಷದ ಮೂಲ. ದಕ್ಷಿಣದವರೊಡನೆ ‘ನಾವು’ ಬದುಕುತ್ತಿದ್ದೇವೆ ಎನ್ನುವವನ ‘ನಾವು’ ದಕ್ಷಿಣದವರನ್ನು ಒಳಗೊಂಡಿಲ್ಲ. ಮನೆಯ ಯಜಮಾನ ಒಬ್ಬ, ಉಳಿದವರು ಅವನ ಔದಾರ್ಯದಿಂದ ಜಗಲಿಯ ಮೇಲೆ ಇರತಕ್ಕವರು ಎಂಬ ಭಾವ ಅದರಲ್ಲಿದೆ. ಎರಡನೆಯ ಹೇಳಿಕೆಯಲ್ಲಿ ಎಲ್ಲರೂ ಮನೆಯವರೇ. ಆದರೆ ಒಬ್ಬೊಬ್ಬರ ಗುರುತಿಗೂ ಹೊರದೇಶದ ಮುಖವೊಂದು ಬೇಕಾಯಿತು. ಈಶಾನ್ಯದ ತರುಣರನ್ನು ಬೀದಿಯಲ್ಲಿ ‘ಚೀನೀ’ ಎಂದು ಹಂಗಿಸುವವರ ಬಾಯಿಗೆ ಇಂಥ ಮಾತು ಸಿಕ್ಕರೆ ಏನಾದೀತೆಂಬ ಎಚ್ಚರ ಅಲ್ಲಿ ಇರಲಿಲ್ಲ. ಆದ್ದರಿಂದ ಎರಡಕ್ಕೂ ಪ್ರತಿಭಟನೆ ಅಗತ್ಯವಾಗಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆದರೆ ಆ ಪ್ರತಿಭಟನೆಯೊಳಗೆ ಎರಡು ಬೇರೆ ಬೇರೆ ಧ್ವನಿಗಳು ಬೆರೆತಿದ್ದವು. ‘ಪ್ರಜೆಗಳನ್ನು ಮುಖಚಹರೆಯಿಂದ ವಿಂಗಡಿಸಬೇಡಿ’ ಎಂಬುದು ಒಂದು ಧ್ವನಿ. ‘ನಮ್ಮನ್ನು ಆಫ್ರಿಕದವರಿಗೆ ಹೋಲಿಸುವಷ್ಟು ಧೈರ್ಯವೇ?’ ಎಂಬುದು ಇನ್ನೊಂದು. ಮೊದಲನೆಯದು ವರ್ಣಭೇದವನ್ನು ವಿರೋಧಿಸುತ್ತದೆ. ಎರಡನೆಯದು ವರ್ಣಭೇದದ ಏಣಿಯನ್ನು ಒಪ್ಪಿಕೊಂಡು, ಅದರಲ್ಲಿ ತನಗೆ ಮೇಲಿನ ಮೆಟ್ಟಿಲು ಬೇಕೆಂದು ಜಗಳವಾಡುತ್ತದೆ. ಗದ್ದಲದಲ್ಲಿ ಇವೆರಡೂ ಒಂದೇ ಎಂಬಂತೆ ಕೇಳಿಸಿದವು.

ಈ ಎರಡನೆಯ ಧ್ವನಿಯನ್ನು ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಸಿದ್ದಿಯರು ಹೇಗೆ ಕೇಳಿಸಿಕೊಂಡಿರಬೇಕು? ಪೋರ್ತುಗೀಜರು, ಅರಬರು ಹಡಗುಗಳಲ್ಲಿ ತಂದ ಆಫ್ರಿಕದ ಜನರ ಸಂತತಿ ಅವರು. ಶತಮಾನಗಳಿಂದ ಕನ್ನಡ ನೆಲದ ಕಾಡಂಚಿನಲ್ಲಿ ದುಡಿದು ಬಾಳಿದವರು. ಕನ್ನಡವನ್ನೂ ಕೊಂಕಣಿಯನ್ನೂ ಆಡತಕ್ಕವರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸಮುದಾಯದಿಂದ ಅಲ್ಲಿ ಕುಳಿತ ಮೊದಲಿಗರಾದರು. ಕನ್ನಡಿಗನು ಆಫ್ರಿಕದವನಂತೆ ಕಾಣುವುದಿಲ್ಲ ಎಂದು ನಾವು ಕೂಗಿದಾಗ ಇವರನ್ನು ಕನ್ನಡಿಗರ ಪಟ್ಟಿಯಿಂದ ಅಳಿಸಿದಂತಾಗಲಿಲ್ಲವೇ? ಮುಂಬಯಿಯವರಾದ ನಿಮಗೆ ಮುರುಡಿನ ಜಂಜೀರಾ ಕೋಟೆ ದೂರದ್ದಲ್ಲ; ಅದನ್ನಾಳಿದವರೂ ಸಿದ್ದಿಯರೇ. ಅಹಮದನಗರದ ರಾಜ್ಯವನ್ನು ಮೊಗಲರಿಂದ ಬಹುಕಾಲ ಕಾಪಾಡಿದ ಮಲಿಕ್ ಅಂಬರನು ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ದಖ್ಖನಿಗೆ ಬಂದವನು.

ಇನ್ನು ನಮ್ಮ ತವರಿನ ಮಾತು. 2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟದ ಬಳಿ ಸುಡಾನಿನವನೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ಮೃತರಾದರು. ಸ್ವಲ್ಪ ಹೊತ್ತಿನ ಬಳಿಕ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಎರಗಿತು. ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಆಕೆಗೂ ಇದ್ದ ಸಂಬಂಧ ಮೈಬಣ್ಣವೊಂದೇ. ಅದಕ್ಕೆ ಮೊದಲು, 2012ರ ಆಗಸ್ಟಿನಲ್ಲಿ, ವದಂತಿಗಳಿಗೆ ಬೆದರಿದ ಈಶಾನ್ಯದ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಾಟಿಯ ರೈಲು ಹತ್ತಿದ್ದರು. 2014ರಲ್ಲಿ ದೆಹಲಿಯ ಲಾಜಪತ ನಗರದಲ್ಲಿ ಅರುಣಾಚಲದ ತರುಣನೊಬ್ಬ, ತನ್ನ ಕೂದಲನ್ನು ಗೇಲಿ ಮಾಡಿದವರೊಡನೆ ನಡೆದ ಜಗಳದಲ್ಲಿ ಪೆಟ್ಟು ತಿಂದು ಸತ್ತ. ಆಗ ಎದ್ದ ಆಕ್ರೋಶದ ಫಲವಾಗಿ ಬೆಜ್‌ಬರುವಾ ಸಮಿತಿ ನೇಮಕವಾಗಿ, ಜನಾಂಗೀಯ ನಿಂದನೆಯ ವಿರುದ್ಧ ಕಾನೂನಿನ ತಿದ್ದುಪಡಿಯನ್ನು ಶಿಫಾರಸು ಮಾಡಿತು. ಒಬ್ಬ ವ್ಯಕ್ತಿಯ ರಾಜೀನಾಮೆಯಲ್ಲಿ ಮುಗಿಯುವ ಆಕ್ರೋಶಕ್ಕೂ ಕಾನೂನಿನ ಬಾಗಿಲು ತಟ್ಟುವ ಆಕ್ರೋಶಕ್ಕೂ ಇರುವ ಅಂತರವನ್ನು ತಾವು ಗಮನಿಸಬೇಕು.

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗನಿಗೆ ಈ ವಿಷಯ ಪುಸ್ತಕದಿಂದ ತಿಳಿಯಬೇಕಾದದ್ದಲ್ಲ. 1960ರ ದಶಕದ ಕೊನೆಯ ಭಾಗದಲ್ಲಿ ಈ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ನಡೆದಾಗ, ಕನ್ನಡಿಗ, ತಮಿಳ, ಮಲಯಾಳಿ ಎಂಬ ಭೇದವನ್ನು ಯಾರೂ ಕೇಳಲಿಲ್ಲ. ಉಡುಪಿ ಹೋಟೆಲುಗಳೂ ಕಲ್ಲಿನೇಟಿಗೆ ಗುರಿಯಾದವು. ದೆಹಲಿಯಲ್ಲಿ ಇಡೀ ದಕ್ಷಿಣಕ್ಕೆ ‘ಮದ್ರಾಸಿ’ ಎಂಬ ಒಂದೇ ಹೆಸರಿತ್ತು. ಆಗ ‘ನಾನು ಮದ್ರಾಸಿಯಲ್ಲ, ಕನ್ನಡಿಗ’ ಎಂದು ತಿದ್ದಿದವರುಂಟು. ತಿದ್ದಿದ್ದು ಸರಿಯೇ. ಆದರೆ ಹಾಗೆ ತಿದ್ದಿದ್ದರಿಂದ ಪಕ್ಕದ ತಮಿಳನ ಮೇಲಿನ ಅವಹೇಳನವೇನೂ ಕಡಿಮೆಯಾಗಲಿಲ್ಲ. ನೆರೆಯವನನ್ನು ಬಿಟ್ಟುಕೊಟ್ಟು ಪಡೆದ ಮರ್ಯಾದೆ ಬಹುದಿನ ಉಳಿಯತಕ್ಕದ್ದಲ್ಲ.

ಬಣ್ಣದ ಮೋಹ ನಮ್ಮ ಮನೆಗಳಲ್ಲಿಯೂ ಇದೆ. ಹೊರನಾಡ ಸಂಘಗಳ ಪತ್ರಿಕೆಗಳ ವಧೂವರ ಅಂಕಣಗಳಲ್ಲಿ ‘ಗೋಧಿಬಣ್ಣ’, ‘ಕೆಂಪು ಮೈಬಣ್ಣ’ಗಳು ಎಷ್ಟು ವರ್ಷ ಅಚ್ಚಾದವೆಂಬುದನ್ನು ಬಲ್ಲವರು ಇಲ್ಲಿದ್ದೀರಿ. ಕೃಷ್ಣನೆಂಬ ಹೆಸರಿನ ಅರ್ಥವೇ ಕಪ್ಪು. ಆ ಹೆಸರನ್ನು ಮಗನಿಗಿಟ್ಟು ಸೊಸೆಯನ್ನು ಬೆಳ್ಳಗೆ ಹುಡುಕುವವರಿಗೆ ರಾಜಕಾರಣಿಯ ಮಾತು ಚುಚ್ಚಿದರೆ ಅದರ ಕಾರಣವನ್ನು ಒಳಗೂ ನೋಡಿಕೊಳ್ಳಬೇಕು.

ಕೊನೆಯದಾಗಿ, ನಮ್ಮ ನೆರೆಯ ಭಾಷೆಗಳು ಕಲಿಸುವ ಒಂದು ಪಾಠವನ್ನು ತಮ್ಮ ಮುಂದಿಡುತ್ತೇನೆ. ಇಂದಿನ ಕನ್ನಡದಲ್ಲಿ ‘ನಾವು’ ಎಂಬುದು ಒಂದೇ ಪದ. ಮರಾಠಿಯಲ್ಲಿ ಹಾಗಲ್ಲ: ‘ಆಮ್ಹಿ’ ಎಂದರೆ ಕೇಳುತ್ತಿರುವ ನೀನು ಹೊರಗೆ, ‘ಆಪಣ’ ಎಂದರೆ ನೀನೂ ಒಳಗೆ. ತಮಿಳಿನ ‘ನಾಂಗಳ್’ ಮತ್ತು ‘ನಾಮ್’, ತೆಲುಗಿನ ‘ಮೇಮು’ ಮತ್ತು ‘ಮನಮು’ ಇದೇ ಭೇದವನ್ನು ಸೂಚಿಸುತ್ತವೆ. ಮರಾಠಿ, ತಮಿಳು, ತೆಲುಗು ನಾಡುಗಳಲ್ಲಿ ಬಾಳುತ್ತಿರುವ ಕನ್ನಡಿಗರು ದಿನಬೆಳಗಾದರೆ ಈ ಪದಗಳನ್ನು ಆಡುತ್ತಾರೆ, ಕೇಳುತ್ತಾರೆ. ಯಾವ ‘ನಾವು’ ನಮ್ಮನ್ನು ಹೊರಗಿಡುತ್ತದೆ, ಯಾವುದು ಒಳಗೆ ಕರೆಯುತ್ತದೆ ಎಂಬುದನ್ನು ಅನುಭವದಿಂದ ಬಲ್ಲ ಜನ ನಾವು.

ಮುಂದೆಯೂ ಇಂಥ ಹೇಳಿಕೆಗಳು ಬಂದಾವು. ಆಗ ಸುಮ್ಮನಿರೋಣವೆಂದು ನಾನು ಹೇಳುತ್ತಿಲ್ಲ, ಗಟ್ಟಿಯಾಗಿಯೇ ಪ್ರತಿಭಟಿಸೋಣ. ಆಡಿದವನ ಪಕ್ಷ ಯಾವುದೆಂದು ನೋಡಿ ದನಿಯನ್ನು ಏರಿಸುವುದೂ ಇಳಿಸುವುದೂ ಬೇಡ. ಆ ಪ್ರತಿಭಟನೆಯ ‘ನಾವು’ ಎಂಬುದರಲ್ಲಿ ಯಲ್ಲಾಪುರದ ಸಿದ್ದಿಗೆ, ಬೆಂಗಳೂರಿನಲ್ಲಿ ಓದಲು ಬಂದ ಟಾಂಜಾನಿಯಾದ ಹುಡುಗಿಗೆ, ಅರುಣಾಚಲದ ತರುಣನಿಗೆ ಸ್ಥಳವಿರಲಿ. ಅವರನ್ನು ಹೊರಗಿಟ್ಟು ನಮಗಾಗಿ ಮಾತ್ರ ಕೇಳುವ ನ್ಯಾಯವನ್ನು ನ್ಯಾಯವೆಂದು ಕರೆಯಲಾಗದು.